ಹಬ್ಬದ ಖರೀದಿ: ನೂಕುನುಗ್ಗಲಿನಲ್ಲಿ ಕಳೆದುಹೋಗುವ ಉಪವಾಸ

ರಮಝಾನಿನ ಕೊನೆಯ ಹತ್ತು ದಿನಗಳು ಬಂದೊಡನೆ ಪ್ರವಾದಿ(ಸ)ಯವರು ಸೊಂಟ ಬಿಗಿದು ಆರಾಧನೆಗೆ ನಿಲ್ಲುತ್ತಿದ್ದರು, ರಾತ್ರಿಗಳನ್ನು ಜಾಗರಣೆಯಲ್ಲಿ ಕಳೆಯುತ್ತಿದ್ದರು, ಮನೆಮಂದಿಯನ್ನೂ ಎಬ್ಬಿಸುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ವರದಿ ಮಾಡಿದ್ದಾರೆ. ಬುಖಾರಿ, ಮುಸ್ಲಿಮ್ ಎರಡರಲ್ಲೂ ಈ ಹದೀಸ್ ಇದೆ. ನಾವೂ ಆ ರಾತ್ರಿಗಳಲ್ಲಿ ಎಚ್ಚರವಾಗಿರುತ್ತೇವೆ. ಮನೆಮಂದಿಯೂ ಎಚ್ಚರವಾಗಿರುತ್ತಾರೆ. ಆದರೆ ತರಾವೀಹ್ ಮುಗಿದು ಅರ್ಧ ಗಂಟೆಯಾಗುವಷ್ಟರಲ್ಲಿ ನಮ್ಮಲ್ಲಿ ಬಹುಮಂದಿ ಸೇರಿರುವುದು ಮಾಲ್‌ಗಳ ಎಸ್ಕಲೇಟರ್‌ಗಳ ಬುಡದಲ್ಲಿ, ಬಟ್ಟೆಯಂಗಡಿಗಳ ಗಾಜಿನ ಬಾಗಿಲುಗಳ ಮುಂದೆ.

ಇಷ್ಟು ಓದಿದೊಡನೆ, ದುಂದುವೆಚ್ಚದ ಕುರಿತ ಪ್ರವಚನ ಮತ್ತೆ ಆರಂಭವಾಯಿತೆಂದು ಓದುಗರು ಭಾವಿಸಬಾರದು. ಆ ವಿಷಯವನ್ನು ಪ್ರತಿ ರಮಝಾನಿನಲ್ಲಿ ಮಿಂಬರ್‌ಗಳಿಂದ ಸಾಕಷ್ಟು ಕೇಳಿದ್ದೇವೆ. ಹಬ್ಬಕ್ಕೆ ಇದ್ದುದರಲ್ಲಿ ಒಳ್ಳೆಯ ಉಡುಪು ಧರಿಸುವುದು ನಮ್ಮ ಪೂರ್ವಿಕರ ರೂಢಿ. ಮಕ್ಕಳಿಗೆ ಹೊಸ ಬಟ್ಟೆ ತರುವುದರಲ್ಲಿ ತಪ್ಪೇನಿಲ್ಲ. ಈ ಪ್ರವಾದಿಗೇನಾಗಿದೆ, ಊಟ ಮಾಡುತ್ತಾರೆ, ಪೇಟೆಯಲ್ಲಿ ಓಡಾಡುತ್ತಾರೆ ಎಂದು ಮಕ್ಕಾದ ವಿರೋಧಿಗಳು ಹೀಯಾಳಿಸಿದಾಗ, ಹಿಂದಿನ ಪ್ರವಾದಿಗಳೆಲ್ಲರೂ ಊಟ ಮಾಡುವವರೂ ಪೇಟೆಯಲ್ಲಿ ನಡೆದಾಡುವವರೂ ಆಗಿದ್ದರೆಂದು ಕುರ್‌ಆನ್ ಸೂರಃ ಅಲ್ ಫುರ್ಕಾನ್‌ನಲ್ಲಿ ಉತ್ತರ ನೀಡಿದೆ. ಪೇಟೆಗೆ ಹೋಗುವುದರಿಂದ ಧರ್ಮಕ್ಕೆ ಕುಂದು ಬರುವುದಿಲ್ಲ. ನಾವು ಕೇಳಬೇಕೆಂದಿರುವ ಪ್ರಶ್ನೆ ಬೇರೆ. ಹಗಲೆಲ್ಲ ಹಸಿವು ಬಾಯಾರಿಕೆಗಳನ್ನು ಸಹಿಸಿದ ಉಪವಾಸಿಗರು ಆ ಜನಸಂದಣಿಯೊಳಗೆ ಕಾಲಿಟ್ಟ ಮೇಲೆ ಹೇಗೆ ನಡೆದುಕೊಳ್ಳುತ್ತಾರೆ?

ನಮ್ಮ ಮದ್ರಸದಲ್ಲಿ ಕಲಿತು ಹೋದ ಹುಡುಗನೊಬ್ಬ ಮಂಗಳೂರಿನ ಬಟ್ಟೆಯಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಕಳೆದ ಈದ್‌ನ ಮರುದಿನ ನಮ್ಮನ್ನು ಕಾಣಲು ಬಂದಿದ್ದ. ಚಪ್ಪಲಿ ಕಳಚಿ ಒಳಬಂದಾಗ ಕಾಲು ಊದಿಕೊಂಡಿದ್ದುದು ಕಂಡಿತು. ಏನಾಯಿತೆಂದು ಕೇಳಿದೆವು. ಕೊನೆಯ ವಾರ ದಿನಕ್ಕೆ ಹದಿನಾಲ್ಕು ಗಂಟೆ ನಿಂತದ್ದರಿಂದ ಹೀಗಾಯಿತು, ಎರಡು ದಿನದಲ್ಲಿ ಇಳಿಯುತ್ತದೆ ಎಂದು ನಕ್ಕ. ಮಾತಿನ ನಡುವೆ ಒಂದು ಪ್ರಸಂಗ ಹೇಳಿದ.

ಇಪ್ಪತ್ತಾರನೆಯ ಉಪವಾಸದ ಸಂಜೆ. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಒಂದು ಕುಟುಂಬ ಅವನ ಮುಂದೆ ಮುಕ್ಕಾಲು ಗಂಟೆಯಿಂದ ಕುಳಿತು ಬಟ್ಟೆ ಬಿಡಿಸಿ ನೋಡುತ್ತಿದೆ. ಮಗ್ರಿಬ್‌ನ ಬಾಂಗ್ ಆಯಿತು. ಆ ಮನೆಯವರು ತಮ್ಮ ಚೀಲದಿಂದ ಖರ್ಜೂರ, ನೀರಿನ ಬಾಟಲಿ ತೆಗೆದು ಕುಳಿತಲ್ಲೇ ಉಪವಾಸ ಬಿಟ್ಟರು. ಬಳಿಕ ಆ ಯಜಮಾನರು ಖರ್ಜೂರದ ಬೀಜವನ್ನು ಅಂಗೈಗೆ ತೆಗೆದುಕೊಳ್ಳುತ್ತ, “ಮೇಲಿನ ಸಾಲಿನ ಆ ನೀಲಿ ಬಣ್ಣದ್ದು ತೆಗೆ” ಎಂದರು. ಹುಡುಗನ ತಲೆಯ ಮೇಲೆ ಟೊಪ್ಪಿ ಇತ್ತು. ಅವನೂ ಉಪವಾಸಿಗನೆಂದು ತಿಳಿಯಲು ಯಾರನ್ನೂ ಕೇಳಬೇಕಾಗಿರಲಿಲ್ಲ.

“ನಾನು ಏಣಿ ಹತ್ತಿದೆ ಉಸ್ತಾದ್. ಆಗ ಪಕ್ಕದ ಕೌಂಟರಿನ ಅಕ್ಕ ಬಂದು, ‘ನೀನು ಹೋಗಿ ನೀರು ಕುಡಿದು ಬಾ, ಇದನ್ನು ನಾನು ನೋಡಿಕೊಳ್ಳುತ್ತೇನೆ’ ಎಂದರು. ಅವರು ಹಿಂದೂ. ಅವರೂ ಬೆಳಿಗ್ಗೆಯಿಂದ ನಿಂತೇ ಇದ್ದರು” ಎಂದ.

ಅವನ ಧ್ವನಿಯಲ್ಲಿ ದೂರಿರಲಿಲ್ಲ. ಆ ಕುಟುಂಬ ಯಾವುದೆಂದು ಅವನು ಹೇಳಲಿಲ್ಲ, ನಾವೂ ಕೇಳಲಿಲ್ಲ. ಕೇಳಲು ನಮಗೆ ಧೈರ್ಯವೂ ಇರಲಿಲ್ಲ. ಅದರ ಹಿಂದಿನ ವರ್ಷ ನಾವೂ ಮನೆಮಂದಿಯೊಡನೆ ಅಂಥದೇ ಒಂದು ಅಂಗಡಿಯಲ್ಲಿ ಅಂಥದೇ ಹೊತ್ತಿನಲ್ಲಿ ಕುಳಿತಿದ್ದೆವು. ನಮಗೆ ಬಟ್ಟೆ ತೋರಿಸುತ್ತಿದ್ದವನು ನೀರು ಕುಡಿದನೇ ಇಲ್ಲವೇ ಎಂಬುದು ಇಂದು ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ನಾವು ಕೊಂಡ ಅಂಗಿಯ ಬಣ್ಣ ಮಾತ್ರ ನೆನಪಿದೆ.

ಉಪವಾಸಿಗನಿಗೆ ಇಫ್ತಾರ್ ಮಾಡಿಸಿದವನಿಗೆ, ಉಪವಾಸಿಗನ ಪುಣ್ಯದಲ್ಲಿ ಏನೂ ಕಡಿಮೆಯಾಗದೆ ಅಷ್ಟೇ ಪುಣ್ಯ ದೊರೆಯುತ್ತದೆಂಬ ಹದೀಸ್ ತಿರ್ಮಿದಿಯಲ್ಲಿದೆ. ಅದರ ಆಸೆಯಿಂದಲೇ ನಾವು ಮಸೀದಿಗೆ ಹಣ್ಣುಹಂಪಲು ಕಳುಹಿಸುತ್ತೇವೆ, ಸಮೋಸ ಕಳುಹಿಸುತ್ತೇವೆ, ದೊಡ್ಡ ಇಫ್ತಾರ್ ಕೂಟಗಳನ್ನು ಏರ್ಪಡಿಸುತ್ತೇವೆ. ಆ ಸಂಜೆ ಆ ಮನೆಯವರ ಮುಂದೆ ಎರಡು ಮೊಳ ದೂರದಲ್ಲಿ ಒಬ್ಬ ಉಪವಾಸಿಗ ನಿಂತಿದ್ದ. ಚೀಲದಲ್ಲಿ ಖರ್ಜೂರವಿತ್ತು. ಒಂದನ್ನು ಅವನ ಕೈಗಿಡಲು ಎಷ್ಟು ಹೊತ್ತು ಬೇಕಿತ್ತು?

ಅಂಗಡಿಗಳಲ್ಲಿ ನಿಂತು ದುಡಿಯುವವರ ಕಷ್ಟ ಇಂದು ನಿನ್ನೆಯದಲ್ಲ. ನಮ್ಮ ನೆರೆಯ ಕೋಝಿಕ್ಕೋಡಿನಲ್ಲಿ, ವ್ಯಾಪಾರಕ್ಕೆ ಹೆಸರಾದ ಮಿಠಾಯಿ ತೆರುವಿನ ಅಂಗಡಿಗಳಲ್ಲಿ ದುಡಿಯುವ ಹೆಂಗಸರು ಕುಳಿತುಕೊಳ್ಳುವ ಹಕ್ಕಿಗಾಗಿಯೇ ಹೋರಾಡಬೇಕಾಯಿತು. ವಿಜಿ ಎಂಬ ಮಹಿಳೆಯ ಮುಂದಾಳತ್ವದಲ್ಲಿ ‘ಪೆಣ್‌ಕೂಟ್ಟ್’ ಎಂಬ ಸಂಘಟನೆ ನಡೆಸಿದ ಆ ಹೋರಾಟದ ಫಲವಾಗಿ ಕೇರಳ ಸರಕಾರವು 2018ರಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಗೆ ತಿದ್ದುಪಡಿ ತಂದು, ನೌಕರರಿಗೆ ಆಸನದ ವ್ಯವಸ್ಥೆ ಕಡ್ಡಾಯಗೊಳಿಸಿತು. 2021ರಲ್ಲಿ ತಮಿಳುನಾಡೂ ಅಂಥದೇ ತಿದ್ದುಪಡಿ ಮಾಡಿತು. ದಿನವಿಡೀ ದುಡಿಯುವವರಿಗೆ ಕುಳಿತುಕೊಳ್ಳಲು ಒಂದು ಸ್ಟೂಲ್ ಕೊಡಿಸಲು ಶಾಸನಸಭೆಯೇ ಕೂಡಬೇಕಾಯಿತೆಂಬುದನ್ನು ಓದಿದಾಗ ನಮಗೆ ನಾಚಿಕೆಯಾಯಿತು. ನಿಮ್ಮ ಕೈಕೆಳಗೆ ದುಡಿಯುವವರು ನಿಮ್ಮ ಸಹೋದರರು, ಅವರ ಶಕ್ತಿಗೆ ಮೀರಿದ ಹೊರೆ ಹೊರಿಸಬಾರದು, ಹೊರಿಸಿದರೆ ನೀವೂ ಕೈಜೋಡಿಸಬೇಕು ಎಂಬ ಆಶಯದ ಪ್ರವಾದಿವಚನವನ್ನು ಅಬೂ ದರ್ರ್(ರ) ವರದಿ ಮಾಡಿದ್ದಾರೆ. ಇದು ಮೊದಲಿಗೆ ಅಂಗಡಿಯ ಮಾಲಕರಿಗೆ ಹೇಳಿದ ಮಾತು, ಸಂದೇಹವಿಲ್ಲ. ನಮ್ಮ ಸಮುದಾಯದ ಅಂಗಡಿ ಮಾಲಕರು ಇದನ್ನು ಓದುತ್ತಿದ್ದರೆ ಮಗ್ರಿಬ್‌ಗೆ ಹತ್ತು ನಿಮಿಷ ಕೌಂಟರ್ ಮುಚ್ಚುವ ಬಗ್ಗೆ ಯೋಚಿಸಲಿ. ಆದರೆ ರಾತ್ರಿ ಹನ್ನೊಂದೂವರೆಗೆ ಬಾಗಿಲು ಎಳೆಯುವ ಹೊತ್ತಿಗೆ ಒಳನುಗ್ಗಿ “ಒಂದೇ ಒಂದು ಚೂಡಿದಾರ್ ನೋಡಿ ಹೋಗುತ್ತೇವೆ” ಎಂದು ಕುಳಿತುಬಿಡುವವರು ನಾವಲ್ಲವೇ? ಆ ಹೊರೆಯಲ್ಲಿ ನಮ್ಮ ಪಾಲೂ ಇದೆ.

ಗಿರಾಕಿಗೆ ನೋಡುವ ಹಕ್ಕಿಲ್ಲವೆಂದು ನಾವು ಹೇಳುತ್ತಿಲ್ಲ. ನೋಡದೆ ಕೊಳ್ಳಬೇಕೆಂದು ಶರೀಅತ್ ಹೇಳುವುದಿಲ್ಲ. ಮಾರುವವನೂ ಕೊಳ್ಳುವವನೂ ಪರಸ್ಪರ ಅಗಲುವವರೆಗೆ ವ್ಯವಹಾರವನ್ನು ಬಿಡುವ ಆಯ್ಕೆ ಇಬ್ಬರಿಗೂ ಇದೆ ಎಂಬುದು ಪ್ರಸಿದ್ಧ ಹದೀಸ್. ಆದರೆ ಕೊಳ್ಳುವ ಉದ್ದೇಶವೇ ಇಲ್ಲದೆ, ಆನ್‌ಲೈನಿನಲ್ಲಿ ತರಿಸಲು ಅಳತೆ ನೋಡಿಕೊಳ್ಳುವುದಕ್ಕೆಂದು ಮೂವತ್ತು ಉಡುಪುಗಳನ್ನು ಬಿಡಿಸಿ ಹಾಕಿಸುವುದನ್ನು ಏನೆಂದು ಕರೆಯೋಣ? ಮಾರುವಾಗ, ಕೊಳ್ಳುವಾಗ, ಬರಬೇಕಾದುದನ್ನು ಕೇಳುವಾಗ ಮೃದುವಾಗಿ ನಡೆದುಕೊಳ್ಳುವವನಿಗೆ ಅಲ್ಲಾಹನ ಕರುಣೆ ಇರಲೆಂದು ಪ್ರವಾದಿ(ಸ)ಯವರು ಪ್ರಾರ್ಥಿಸಿದ್ದನ್ನು ಬುಖಾರಿಯಲ್ಲಿ ಜಾಬಿರ್(ರ) ವರದಿ ಮಾಡಿದ್ದಾರೆ. ಕೊಳ್ಳುವವನ ಹೆಸರೂ ಆ ಪ್ರಾರ್ಥನೆಯಲ್ಲಿದೆ ಎಂಬುದನ್ನು ನಾವು ಗಮನಿಸುವುದೇ ಕಡಿಮೆ. ವ್ಯಾಪಾರಿಯ ತೂಕ ಸರಿಯಿರಬೇಕು, ಮಾತು ಸತ್ಯವಿರಬೇಕು ಎಂದು ಅವನಿಗೆ ಮಾತ್ರ ಉಪದೇಶ ಮಾಡುತ್ತೇವೆ.

ಇನ್ನು ಸಹ ಗಿರಾಕಿಗಳ ವಿಷಯ.

ಸೂರಃ ಅಲ್ ಮುಜಾದಲದಲ್ಲಿ, ಸಭೆಗಳಲ್ಲಿ ಜಾಗ ಬಿಡಿರೆಂದು ನಿಮಗೆ ಹೇಳಲಾದಾಗ ಜಾಗ ಬಿಡಿರಿ, ಅಲ್ಲಾಹನು ನಿಮಗೆ ವಿಶಾಲತೆ ಒದಗಿಸುವನು ಎಂಬ ಆಶಯದ ಆದೇಶವಿದೆ. ಅದು ಪ್ರವಾದಿ(ಸ)ಯವರ ಸಭೆಯ ಸಂದರ್ಭದಲ್ಲಿ ಅವತೀರ್ಣವಾದುದು. ಬಟ್ಟೆಯಂಗಡಿಯ ಇಕ್ಕಟ್ಟಿಗೆ ಅದನ್ನು ಅನ್ವಯಿಸುವಾಗ ಅದರ ಆಶಯವನ್ನಷ್ಟೇ ತೆಗೆದುಕೊಳ್ಳುತ್ತಿದ್ದೇವೆ. ಇಕ್ಕಟ್ಟಿನ ಜಾಗದಲ್ಲಿ ಮತ್ತೊಬ್ಬನಿಗೆ ಸರಿದುಕೊಡುವುದು ಕುರ್‌ಆನ್ ಗಮನಿಸುವಷ್ಟು ದೊಡ್ಡ ವಿಷಯ ಎಂಬುದೇ ನಮಗೆ ಸಾಕು. ಎಸ್ಕಲೇಟರಿನಿಂದ ಇಳಿದೊಡನೆ ಅಲ್ಲೇ ನಿಂತು ಮುಂದೆ ಎಲ್ಲಿಗೆ ಹೋಗುವುದೆಂದು ಸಮಾಲೋಚನೆ ನಡೆಸುವ ಏಳೆಂಟು ಜನರ ಕುಟುಂಬವನ್ನು ನೆನೆಸಿಕೊಳ್ಳಿ. ಹಿಂದಿನವರಿಗೆ ನಿಲ್ಲಲು ಮೆಟ್ಟಿಲಿಲ್ಲ, ಯಂತ್ರ ಅವರನ್ನು ತಳ್ಳುತ್ತಲೇ ಇರುತ್ತದೆ. ವೃದ್ಧೆಯೊಬ್ಬರು ಅಲ್ಲಿ ಆಯತಪ್ಪಿದರೆ ಅದರ ಹೊಣೆ ಯಾರದು? ಲಿಫ್ಟ್ ಇರುವುದು ಗಾಲಿಕುರ್ಚಿಯವರಿಗೆ, ಬಸುರಿಯರಿಗೆ, ಮಂಡಿನೋವಿನ ಹಿರಿಯರಿಗೆ ಮೊದಲು. ಗಟ್ಟಿಮುಟ್ಟಾದ ಯುವಕರು ಒಂದು ಮಹಡಿ ಹತ್ತಲು ಅದರಲ್ಲಿ ತುಂಬಿಕೊಂಡು, ಹೊರಗೆ ಕಾದಿರುವ ಅಜ್ಜಿಯ ಮುಖದ ಮುಂದೆ ಬಾಗಿಲು ಮುಚ್ಚುವುದನ್ನು ನೋಡುತ್ತ ನಿಲ್ಲುತ್ತಾರೆ. ಈ ಯುವಕರೇ ತರಾವೀಹ್‌ನಲ್ಲಿ ಹಿರಿಯರಿಗೆ ಕುರ್ಚಿ ತಂದುಕೊಡುವವರು. ಮಸೀದಿಯಲ್ಲಿದ್ದ ಅದಬ್ ರಸ್ತೆ ದಾಟುವಷ್ಟರಲ್ಲಿ ಎಲ್ಲಿ ಹೋಯಿತೋ.

ಒಬ್ಬನನ್ನು ಅವನ ಜಾಗದಿಂದ ಎಬ್ಬಿಸಿ ಅಲ್ಲಿ ಕುಳಿತುಕೊಳ್ಳುವುದನ್ನು ಪ್ರವಾದಿ(ಸ)ಯವರು ನಿಷೇಧಿಸಿದ್ದಾರೆಂದು ಇಬ್ನು ಉಮರ್(ರ) ವರದಿ ಮಾಡಿದ್ದಾರೆ. ಬಿಲ್ ಕೌಂಟರಿನ ಸರತಿಯೂ, ಟ್ರಯಲ್ ರೂಮಿನ ಸರತಿಯೂ ಒಬ್ಬನ ಜಾಗವೇ. ಒಂದು ಮಗುವನ್ನು ಸಾಲಿನಲ್ಲಿ ನಿಲ್ಲಿಸಿ, ಅದರ ಸರದಿ ಬಂದಾಗ ಇಡೀ ಕುಟುಂಬ ನಾಲ್ಕು ಬುಟ್ಟಿಗಳೊಡನೆ ಪ್ರತ್ಯಕ್ಷವಾಗುವುದನ್ನು ನಾವು ಜಾಣತನವೆಂದು ತಿಳಿದಿದ್ದೇವೆ. ಟ್ರಯಲ್ ರೂಮಿನ ಕೊಕ್ಕೆಗೆ ಕೈಚೀಲ ತೂಗುಹಾಕಿ, “ನಮ್ಮ ನಾದಿನಿ ಬರುತ್ತಿದ್ದಾರೆ” ಎಂದು ಹತ್ತು ಜನರನ್ನು ಹೊರಗೆ ನಿಲ್ಲಿಸುವುದೂ ಹಾಗೆಯೇ. ಹಾಕಿ ನೋಡಿದ ಬಟ್ಟೆಯನ್ನು ನೆಲದ ಮೇಲೆ ಬಿಟ್ಟುಬರುವವರಿಗೆ, ಅತ್ತರು, ಲಿಪ್‌ಸ್ಟಿಕ್‌ಗಳ ಕಲೆ ಮಾಡಿ ಸದ್ದಿಲ್ಲದೆ ರಾಶಿಯೊಳಗೆ ಸೇರಿಸುವವರಿಗೆ, ಆ ನಷ್ಟ ಕೆಲವೆಡೆ ನೌಕರರ ಸಂಬಳದಿಂದ ಕಡಿತವಾಗುತ್ತದೆಂಬುದು ಗೊತ್ತಿರಲಿಕ್ಕಿಲ್ಲ. ನಮ್ಮ ಹುಡುಗನೇ ಅದನ್ನು ಹೇಳಿದ್ದು. ಕಲೆಯಾದರೆ ಹೇಳಿಬಿಡಬೇಕು, ಬೆಲೆ ಕೊಡಬೇಕು. ಇದರಲ್ಲಿ ಎರಡನೆಯ ಅಭಿಪ್ರಾಯಕ್ಕೆ ಎಡೆಯಿಲ್ಲ. ಇದು ಮನುಷ್ಯರ ಹಕ್ಕಿಗೆ ಸಂಬಂಧಿಸಿದ್ದು. ಬರಿಯ ತೌಬಾದಿಂದ ಇತ್ಯರ್ಥವಾಗುವುದಿಲ್ಲ, ಹಕ್ಕುದಾರನಿಗೆ ಸಲ್ಲಬೇಕು. ನಮಾಝ್, ಉಪವಾಸ, ಝಕಾತ್‌ಗಳೊಡನೆ ಬಂದರೂ ಇತರರನ್ನು ಬೈದ, ಇತರರ ಸೊತ್ತು ತಿಂದ ಕಾರಣಕ್ಕೆ ಅಂತಿಮ ದಿನದಂದು ಎಲ್ಲವನ್ನೂ ಅವರಿಗೆ ಕೊಟ್ಟು ದಿವಾಳಿಯಾಗುವವನ ಕುರಿತ ಹದೀಸನ್ನು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಆ ದಿವಾಳಿಕೋರನ ಚಿತ್ರ ಕಣ್ಣಮುಂದೆ ತರುವಾಗ ಏಕೋ ಸಾಲಗಾರನನ್ನೋ ಕಳ್ಳನನ್ನೋ ಕಲ್ಪಿಸುತ್ತೇವೆ, ಬಟ್ಟೆಯ ಬುಟ್ಟಿ ಹಿಡಿದವನನ್ನು ಕಲ್ಪಿಸುವುದಿಲ್ಲ.

ಗಂಡಸರಿಗೆ ಎರಡು ಮಾತು. ಹಬ್ಬದ ಖರೀದಿ ಎಂದೊಡನೆ ಹೆಂಗಸರನ್ನು ಗೇಲಿ ಮಾಡುವ ಚಾಳಿ ನಮ್ಮಲ್ಲಿ ಬೇರೂರಿದೆ. ಇಡೀ ಕುಟುಂಬದ, ಅತ್ತೆ ಮಾವಂದಿರ, ಮಕ್ಕಳ ಅಳತೆಗಳನ್ನೆಲ್ಲ ತಲೆಯಲ್ಲಿಟ್ಟುಕೊಂಡು, ಇಫ್ತಾರ್‌ನ ಅಡುಗೆ ಮುಗಿಸಿ, ಪಾತ್ರೆ ತೊಳೆದು ರಾತ್ರಿ ಪೇಟೆಗೆ ಬರುವವಳು ಅವಳು. ಅವಳು ತಡವಾಗಿ ಬರಲು ಕಾರಣ ಅವಳಲ್ಲ. ಅಂಗಡಿಯ ಬಾಗಿಲಲ್ಲಿ ಮುಖ ಗಂಟಿಕ್ಕಿಕೊಂಡು ನಿಂತು, ಎಲ್ಲರೂ ಕೇಳುವಂತೆ “ಇನ್ನೂ ಆಗಲಿಲ್ಲವಾ?” ಎಂದು ಗದರುವ ಗಂಡ ಆ ಹೊತ್ತಿಗೆ ಮಗುವನ್ನು ಎತ್ತಿಕೊಂಡಿದ್ದರೆ ಅರ್ಧ ಗಂಟೆ ಉಳಿಯುತ್ತಿತ್ತು. ಧ್ವನಿ ತಗ್ಗಿಸು ಎಂದು ಲುಕ್ಮಾನರು ಮಗನಿಗೆ ಹೇಳಿದ ಬುದ್ಧಿವಾದ ಕುರ್‌ಆನಿನಲ್ಲಿದೆ. ಅದು ಅಂಗಡಿಗೂ ಅನ್ವಯಿಸುತ್ತದೆ. ದಟ್ಟಣೆಯ ಸಾಲುಗಳಲ್ಲಿ ಹೆಂಗಸರಿಗೆ ದಾರಿಬಿಟ್ಟು ನಿಲ್ಲುವುದು, ದೃಷ್ಟಿ ತಗ್ಗಿಸುವುದು ಗಂಡಸರ ಮೊದಲ ಕರ್ತವ್ಯ. ಮೊಬೈಲ್ ಎತ್ತಿಹಿಡಿದು ಹಬ್ಬದ ಸಂಭ್ರಮದ ರೀಲ್ಸ್ ಮಾಡುವ ಹುಡುಗರು, ಅದರಲ್ಲಿ ಸೆರೆಯಾಗುವ ಮುಖಗಳೆಲ್ಲ ಇನ್ನೊಬ್ಬರ ಮನೆಯ ತಾಯಿ, ಸೋದರಿಯರದೆಂಬುದನ್ನು ಮರೆಯಕೂಡದು.

ಫುಡ್ ಕೋರ್ಟ್‌ನ ಕಥೆಯನ್ನಂತೂ ಹೇಳಲೇಬೇಕು. ಮಗ್ರಿಬ್‌ಗೆ ಮುಕ್ಕಾಲು ಗಂಟೆ ಇರುವಾಗಲೇ ಮೇಜುಗಳ ಮೇಲೆ ಚೀಲಗಳನ್ನಿಟ್ಟು ಕಾದಿರಿಸಿಕೊಳ್ಳುತ್ತೇವೆ. ಊಟದ ತಟ್ಟೆ ಹಿಡಿದುಕೊಂಡು ಜಾಗ ಹುಡುಕುವ ಬೇರೆಯವರು ಖಾಲಿ ಕುರ್ಚಿಗಳ ನಡುವೆ ನಿಂತು ತಿನ್ನುತ್ತಾರೆ. ಅಲ್ಲಿ ಯಾರೋ ಐಸ್‌ಕ್ರೀಮ್ ತಿನ್ನುತ್ತ ಹಾದುಹೋದರೆ ನಮ್ಮ ಕೆಲವರಿಗೆ ಮುಖ ಕಪ್ಪಿಡುತ್ತದೆ. ಉಪವಾಸ ನಮ್ಮದು, ಅವರದಲ್ಲ. ತಿನ್ನುವವರ ನಡುವೆ ತಾಳ್ಮೆಯಿಂದ ಕುಳಿತುಕೊಳ್ಳಲು ಬಾರದ ಉಪವಾಸಕ್ಕೆ ಫುಡ್ ಕೋರ್ಟ್ ತಕ್ಕ ಜಾಗವೂ ಅಲ್ಲ. ಇಫ್ತಾರ್ ಮುಗಿದ ಮೇಲೆ ಮೇಜಿನ ಮೇಲೆ ಖರ್ಜೂರದ ಬೀಜ, ಕಲ್ಲಂಗಡಿಯ ಸಿಪ್ಪೆ, ಅರ್ಧ ತಿಂದ ಬಿರಿಯಾನಿ ಬಿಟ್ಟು ಏಳುತ್ತೇವೆ. ಅದನ್ನು ಒರೆಸಲು ಬರುವ ಹೆಂಗಸಿನ ಮುಖವನ್ನು ನಮ್ಮಲ್ಲಿ ಎಷ್ಟು ಮಂದಿ ನೋಡಿದ್ದೇವೆ? ಈಮಾನಿನ ಎಪ್ಪತ್ತಕ್ಕೂ ಮಿಕ್ಕಿದ ಶಾಖೆಗಳಲ್ಲಿ ಕೊನೆಯದು ದಾರಿಯಲ್ಲಿನ ತೊಂದರೆಯನ್ನು ನಿವಾರಿಸುವುದು ಎಂದಾದರೆ, ದಾರಿಯಲ್ಲಿ ತೊಂದರೆಯನ್ನು ಇಟ್ಟುಬರುವುದು ಏನೆಂದು ಹೇಳಬೇಕಾಗಿಲ್ಲ. ನಡೆದಾಡುವ ಓಣಿಯಲ್ಲೇ, ಮೆಟ್ಟಿಲ ಬುಡದಲ್ಲೇ ಚಾಪೆ ಹಾಸಿ ನಮಾಝ್‌ಗೆ ನಿಲ್ಲುವುದನ್ನೂ ಇದರೊಡನೆ ಸೇರಿಸುತ್ತೇವೆ. ಜನರ ದಾರಿಯಲ್ಲಿ ನಮಾಝ್ ಮಾಡುವುದನ್ನು ಫುಕಹಾಗಳು ಮಕ್ರೂಹ್ ಎಂದಿದ್ದಾರೆ. ನಮ್ಮ ಪೇಟೆಗಳಲ್ಲಿ ಮಸೀದಿ ಬಹಳ ದೂರವೇನೂ ಇರುವುದಿಲ್ಲ.

ಈ ಜನಸಂದಣಿಯಲ್ಲಿ ನಾವು ಮಾತ್ರವೇ ಇರುವುದಿಲ್ಲ ಎಂಬುದು ಇನ್ನೊಂದು ಮಾತು. 2024ರಲ್ಲಿ ಏಪ್ರಿಲ್ 9ರಂದು ಯುಗಾದಿ. ಮರುದಿನವೇ ನಮ್ಮ ಕರಾವಳಿಯಲ್ಲಿ ಈದ್, ರಾಜ್ಯದ ಉಳಿದೆಡೆ 11ರಂದು. 2025ರಲ್ಲಿ ಮಾರ್ಚ್ 30ಕ್ಕೆ ಯುಗಾದಿ, 31ಕ್ಕೆ ಈದ್. ಒಂದು ಅಮಾವಾಸ್ಯೆಯ ಮರುದಿನದ ಹಬ್ಬ, ಇನ್ನೊಂದು ಅದೇ ಅಮಾವಾಸ್ಯೆಯ ಬಳಿಕ ಕಾಣುವ ಚಂದ್ರನ ಹಬ್ಬ. ಹೀಗಾಗಿ ಕೆಲವು ವರ್ಷ ಎರಡೂ ಒತ್ತಿಕೊಂಡು ಬರುತ್ತವೆ. ಕರಾವಳಿಯಲ್ಲಿ ಬಿಸು ಮುಖ್ಯವಾದುದರಿಂದ ಇದು ಅಷ್ಟು ಎದ್ದು ಕಾಣುವುದಿಲ್ಲ, ಆದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಅಂಗಡಿಗಳಲ್ಲಿ ಒಂದೇ ಕೌಂಟರಿನ ಮುಂದೆ ಎರಡು ಹಬ್ಬಗಳ ಜನ ಭುಜ ತಾಗಿಸಿಕೊಂಡು ನಿಂತಿದ್ದರು. ಭಟ್ಕಳದ ರಮಝಾನ್ ಪೇಟೆಗೆ ಸುತ್ತಲಿನ ಊರುಗಳಿಂದ ಎಲ್ಲ ಸಮುದಾಯದವರೂ ಬರುತ್ತಾರೆ. ನಮ್ಮ ಧರ್ಮದ ಬಗ್ಗೆ ಭಾಷಣ ಕೇಳಲು ಬಾರದ ನೆರೆಯವರು ನಮ್ಮನ್ನು ಅತಿ ಹತ್ತಿರದಿಂದ ನೋಡುವುದು ಇಂಥ ಕಡೆಗಳಲ್ಲಿ. ಬೆಂಗಳೂರಿನ ಫ್ರೇಜರ್ ಟೌನಿನ ಮಸೀದಿ ರಸ್ತೆಯ ರಮಝಾನ್ ತಿಂಡಿ ಮಳಿಗೆಗಳ ಗದ್ದಲ, ಕಸ, ವಾಹನದಟ್ಟಣೆಗಳ ಬಗ್ಗೆ ಅಲ್ಲಿನ ನಿವಾಸಿಗಳೇ ದೂರಿದಾಗ ನಮ್ಮಲ್ಲಿ ಕೆಲವರು ಅದನ್ನು ಕೂಡಲೇ ದ್ವೇಷವೆಂದು ತಳ್ಳಿಹಾಕಿದರು. ದ್ವೇಷ ಈ ನಾಡಿನಲ್ಲಿ ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಮನೆಯ ಗೇಟಿಗೆ ಅಡ್ಡವಾಗಿ ಬೈಕ್ ನಿಲ್ಲಿಸಿ ಹೋದವನ ವಿರುದ್ಧ ಮಾತಾಡುವುದು ದ್ವೇಷವಲ್ಲ.

ಅರಫಾದಿಂದ ಮರಳುವಾಗ ಹಿಂದುಗಡೆಯಿಂದ ಒಂಟೆಗಳನ್ನು ಹೊಡೆದು ಓಡಿಸುವ ಗದ್ದಲ ಕೇಳಿ ಪ್ರವಾದಿ(ಸ)ಯವರು ಚಾಟಿಯಿಂದ ಸನ್ನೆ ಮಾಡುತ್ತ, ಶಾಂತರಾಗಿರಿ, ಧಾವಂತದಲ್ಲಿ ಪುಣ್ಯವಿಲ್ಲ ಎಂಬರ್ಥದ ಮಾತು ಹೇಳಿದ್ದನ್ನು ಇಬ್ನು ಅಬ್ಬಾಸ್(ರ) ವರದಿ ಮಾಡಿದ್ದಾರೆ. ಹಜ್ಜ್‌ನ ಕರ್ಮಕ್ಕಾಗಿಯೂ ನೂಕಾಡಬಾರದೆಂದ ಮೇಲೆ ಶೇಕಡಾ ಐವತ್ತರ ರಿಯಾಯಿತಿಗಾಗಿ ನೂಕಾಡಲು ಯಾವ ವಿನಾಯಿತಿ ಇದೆ? ರಿಯಾಯಿತಿಯ ಮಾತು ಬಂದುದರಿಂದ ಒಂದನ್ನು ಸೇರಿಸಬೇಕು. ಮಾಲ್‌ನಲ್ಲಿ ಅಚ್ಚು ಹಾಕಿದ ಬೆಲೆಯನ್ನು ತುಟಿಪಿಟಕ್ಕೆನ್ನದೆ ಕೊಟ್ಟು ಹೊರಬಂದವರು ಬಾಗಿಲಲ್ಲಿ ಬಳೆ, ಬುರ್ಖಾ ಪಿನ್ ಮಾರುವ ಮುದುಕನೊಡನೆ ಹತ್ತು ರೂಪಾಯಿಗೆ ಕಾಲುಗಂಟೆ ಜಗಳವಾಡುತ್ತಾರೆ. ಚೌಕಾಸಿ ಹಲಾಲ್. ಅದು ಬಡವನ ಮೇಲೆ ಮಾತ್ರ ನಡೆದಾಗ ನಮಗೆ ಕಸಿವಿಸಿಯಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಮುಖ್ಯ ಮಾತೊಂದು ಉಳಿದಿದೆ. ಕೊನೆಯ ಹತ್ತರಲ್ಲಿ ಪೇಟೆಗೆ ಬರುವವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಲಾಗದು. ದಿನಗೂಲಿಯವನ ಕೈಗೆ ಹಬ್ಬದ ಹಣ ಸೇರುವುದೇ ಕೊನೆಯ ವಾರದಲ್ಲಿ. ವಿಧವೆಯೊಬ್ಬಳಿಗೆ ಯಾರದೋ ಝಕಾತ್ ತಲುಪುವುದು ಇಪ್ಪತ್ತೇಳರ ರಾತ್ರಿ, ಏಕೆಂದರೆ ಕೊಡುವವರು ಪುಣ್ಯ ಹೆಚ್ಚೆಂದು ಆ ರಾತ್ರಿಗೇ ಕಾದಿರುತ್ತಾರೆ. ಗಲ್ಫಿನಿಂದ ಸಂಬಳ ಬರಬೇಕಾದ ಮನೆಗಳಿವೆ. ಇವರಿಗೆಲ್ಲ ಮೊದಲೇ ಕೊಳ್ಳುವ ಅವಕಾಶವೇ ಇಲ್ಲ. ಆದರೆ ಶಅಬಾನಿನಲ್ಲೇ ಕೈಯಲ್ಲಿ ಹಣವಿದ್ದ ಅಧ್ಯಾಪಕರು, ವ್ಯಾಪಾರಿಗಳು, ಸರಕಾರಿ ನೌಕರರು ನಾವೂ ಅದೇ ರಾತ್ರಿ ಅಲ್ಲಿಗೆ ಹೋಗುತ್ತೇವೆ. ಸಂಭ್ರಮ ಆಗಲೇ ಇರುವುದೆಂದು ಹೋಗುತ್ತೇವೆ, ದೀಪ ನೋಡಲು ಹೋಗುತ್ತೇವೆ. ಮೂರು ತಾಸು ಸುತ್ತಿ, ಸೀಟುಗಳನ್ನು, ಕೌಂಟರುಗಳನ್ನು, ವಾಹನ ನಿಲ್ಲಿಸುವ ಜಾಗವನ್ನು ತುಂಬಿಕೊಳ್ಳುತ್ತೇವೆ. ನಮ್ಮ ಹಿಂದೆ, ಕೈಯಲ್ಲಿ ಸಾವಿರ ರೂಪಾಯಿ ಹಿಡಿದು ಮೂರು ಮಕ್ಕಳಿಗೆ ಏನಾದರೂ ಸಿಕ್ಕೀತೇ ಎಂದು ನಿಂತವಳು ಕೊನೆಯ ಬಸ್ಸಿಗೆ ಹೊತ್ತಾಯಿತೆಂದು ಕೈಗೆ ಸಿಕ್ಕಿದ್ದನ್ನು ಕೊಂಡು ಹೋಗುತ್ತಾಳೆ. ಜಾಗ ಬಿಡಿರಿ ಎಂಬ ಆದೇಶವನ್ನು ದಿನಗಳಿಗೂ ಅನ್ವಯಿಸಬೇಕೆಂಬುದು ನಮ್ಮ ಅಭಿಪ್ರಾಯ. ಮೊದಲೇ ಕೊಳ್ಳಬಲ್ಲವರು ಮೊದಲೇ ಕೊಂಡು, ಆ ಕೊನೆಯ ರಾತ್ರಿಗಳನ್ನು ಅನಿವಾರ್ಯವಾಗಿ ಬರುವವರಿಗೆ ಬಿಟ್ಟುಕೊಡಬೇಕು. ಝಕಾತ್ ಕೊಡುವವರು ಬಟ್ಟೆಯ ಮಟ್ಟಿಗಾದರೂ ಹತ್ತು ಹದಿನೈದು ದಿನ ಮುಂಚಿತವಾಗಿ ಕೊಡಲಿ. ಅದರಿಂದ ಪುಣ್ಯ ಕಡಿಮೆಯಾದೀತೆಂದು ನಾವು ನಂಬುವುದಿಲ್ಲ.

ಹಝ್ರತ್ ಅಬ್ದುಲ್ಲಾಹ್ ಇಬ್ನು ಉಮರ್(ರ) ಬೆಳಿಗ್ಗೆ ಪೇಟೆಗೆ ಹೋಗುತ್ತಿದ್ದರು. ಏನನ್ನೂ ಕೊಳ್ಳುತ್ತಿರಲಿಲ್ಲ, ಬೆಲೆ ಕೇಳುತ್ತಿರಲಿಲ್ಲ, ಎಲ್ಲೂ ಕೂರುತ್ತಲೂ ಇರಲಿಲ್ಲ. ಹಾಗಾದರೆ ಪೇಟೆಯಲ್ಲಿ ನಿಮಗೇನು ಕೆಲಸವೆಂದು ಜತೆಗಿದ್ದ ತುಫೈಲ್ ಕೇಳಿದಾಗ, ಕಂಡವರಿಗೆಲ್ಲ ಸಲಾಮ್ ಹೇಳಲೆಂದೇ ಬರುತ್ತೇವೆ ಎಂದರಂತೆ. ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿ ಈ ಪ್ರಸಂಗವಿದೆ. ಚಿಲ್ಲರೆ ಮಾರುವವನಿರಲಿ, ದೊಡ್ಡ ವ್ಯಾಪಾರಿಯಿರಲಿ, ಬಡವನಿರಲಿ, ಯಾರನ್ನೂ ಬಿಡುತ್ತಿರಲಿಲ್ಲವೆಂದು ವರದಿ ಹೇಳುತ್ತದೆ. ನಾವು ಅಷ್ಟು ದೂರ ಹೋಗಲಾರೆವು. ಬಟ್ಟೆ ತೋರಿಸುವವರ ಮುಖ ನೋಡಿ ಮಾತಾಡುವುದು, ಸಲಾಮ್ ಹೇಳಬಹುದಾದವರಿಗೆ ಸಲಾಮ್, ಇತರರಿಗೆ ನಮಸ್ಕಾರ ಹೇಳುವುದು, ಬೇಡವಾದ ಬಟ್ಟೆಯನ್ನು ನಾವೇ ಮಡಚಿ ಅವರ ಕೈಗೆ ಕೊಡುವುದು, ಇಷ್ಟು ಸಾಧ್ಯ. ಕೊಂಡ ವಸ್ತುವನ್ನು ಮರಳಿಸಬೇಕಾಗಿ ಬಂದರೆ ಹಬ್ಬದ ಮರುದಿನ ಉಟ್ಟು ತೆಗೆದದ್ದನ್ನು ಹಿಡಿದುಕೊಂಡು ಹೋಗಬಾರದು. ವ್ಯಾಪಾರಿ ಮರಳಿ ತೆಗೆದುಕೊಂಡರೆ ಅವನ ತಪ್ಪುಗಳನ್ನು ಅಲ್ಲಾಹನು ಮನ್ನಿಸುವನೆಂಬ ಹದೀಸ್ ಅಬೂ ದಾವೂದ್‌ನಲ್ಲಿದೆ. ಆ ಔದಾರ್ಯವನ್ನು ಮೋಸಕ್ಕೆ ಬಳಸುವವನ ಪಾಡು ಬೇರೆ.

ಕಳೆದ ವರ್ಷ ಆ ಹುಡುಗ ಹೋದ ಮೇಲೆ ನಮ್ಮ ಮನೆಯವರು ಒಂದು ತೀರ್ಮಾನ ಮಾಡಿದರು. ಈ ಸಲ ಶಅಬಾನಿನ ಎರಡನೆಯ ವಾರದಲ್ಲೇ, ಒಂದು ಮಂಗಳವಾರ ಬೆಳಿಗ್ಗೆ ಹೋಗಿ ಬಂದೆವು. ಅಂಗಡಿ ಖಾಲಿಯಿತ್ತು. ಬಟ್ಟೆ ತೋರಿಸಿದ ಹೆಂಗಸು ಸ್ಟೂಲಿನಲ್ಲಿ ಕುಳಿತಿದ್ದವರು ನಮ್ಮನ್ನು ಕಂಡು ಗಡಬಡಿಸಿ ಎದ್ದರು. ಕುಳಿತೇ ತೋರಿಸಿ, ನಮಗೇನೂ ಅವಸರವಿಲ್ಲ ಎಂದು ನಮ್ಮ ಮನೆಯವರು ಹೇಳಿದರು. ಅವರು ಮೊದಲು ಮಾಲಕರ ಕಡೆ ನೋಡಿ, ಬಳಿಕ ಕುಳಿತರು. ಕಿರಿಯ ಮಗನ ಚಪ್ಪಲಿ ಮಾತ್ರ ಇನ್ನೂ ಕೊಂಡಿಲ್ಲ, ಅವನ ಪಾದ ತಿಂಗಳಿಗೊಮ್ಮೆ ಬೆಳೆಯುತ್ತದೆ. ಅದಕ್ಕಾಗಿ ಇಪ್ಪತ್ತರ ಒಳಗೆ ಒಂದು ದಿನ ಝುಹ್ರ್ ನಮಾಝಿನ ಬಳಿಕ ಹೋಗಿ ಅಸ್ರ್‌ಗೆ ಮುಂಚೆ ಮರಳುವುದೆಂದು ಗೊತ್ತುಮಾಡಿದ್ದೇವೆ.